ಚಳಿಗಾಲದ ಮೆಕ್ಕೆಜೋಳ: ಮೊದಲು ಕಳೆ, ಆಮೇಲೆ ಯೂರಿಯಾ

ಚಳಿಗಾಲದಲ್ಲಿ ಬಿತ್ತಿದ ಮೆಕ್ಕೆಜೋಳ ಮೊದಲ ತಿಂಗಳು ನಿಂತಲ್ಲೇ ನಿಂತಿರುತ್ತದೆ. ಮಣ್ಣು ತಣ್ಣಗಿದ್ದರೆ ಬೇರು ಚುರುಕಾಗುವುದಿಲ್ಲ. ಕಳೆ ಮಾತ್ರ ಚಳಿಗೆ ಕೇರ್ ಮಾಡುವುದಿಲ್ಲ. ಆ ಹೊತ್ತಿನಲ್ಲಿ ಯೂರಿಯಾ ಎರಚಿದರೆ ಉಣ್ಣುವವರು ಯಾರು? ಅದಕ್ಕೇ ನಾನು ಗೊಬ್ಬರ, ಕಳೆ ಎರಡನ್ನೂ ಒಂದೇ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ.

ನೀರಾವರಿ ಹೈಬ್ರಿಡ್‌ಗೆ ನಾನು ಎಕರೆಗೆ ಹಿಡಿಯುವುದು 60 ಕಿಲೋ ಸಾರಜನಕ, 30 ಕಿಲೋ ರಂಜಕ, 16 ಕಿಲೋ ಪೊಟ್ಯಾಷ್. ಮಣ್ಣು ಪರೀಕ್ಷೆ ಆಗಿದ್ದರೆ ಅದರ ಪ್ರಕಾರ ಹೆಚ್ಚು ಕಡಿಮೆ. ಬಿತ್ತುವಾಗ 65 ಕಿಲೋ ಡಿಎಪಿ (ರಂಜಕ, ಸಾರಜನಕ ಎರಡೂ ಇರುವ ಗೊಬ್ಬರ), 27 ಕಿಲೋ ಎಂಒಪಿ (ಪೊಟ್ಯಾಷ್ ಗೊಬ್ಬರ) ಹಾಕಿದರೆ ರಂಜಕ, ಪೊಟ್ಯಾಷ್ ಎರಡೂ ಮುಗಿದವು. ಡಿಎಪಿಯಲ್ಲೇ 12 ಕಿಲೋದಷ್ಟು ಸಾರಜನಕ ಬರುತ್ತದೆ. ಎಳೆ ಪೈರಿಗೆ ಅಷ್ಟು ಸಾಕು, ತಳಕ್ಕೆ ಯೂರಿಯಾ ಹಾಕುವುದಿಲ್ಲ. ಗೊಬ್ಬರ ಬೀಜಕ್ಕೆ ತಾಗದಂತೆ ಪಕ್ಕಕ್ಕೆ, ಸ್ವಲ್ಪ ಆಳಕ್ಕೆ ಬೀಳಬೇಕು. ಜಿಂಕ್ ಸಲ್ಫೇಟ್ 10 ಕಿಲೋ ಬೇರೆಯೇ: ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಕೊನೆಯ ಉಳುಮೆಗೆ ಮೊದಲೇ ಹಾಕುತ್ತೇನೆ. ಡಿಎಪಿ ಜೊತೆ ಸೇರಿಸಿದರೆ ಜಿಂಕ್ ಗಟ್ಟಿಯಾಗಿ ಪೈರಿಗೆ ಸಿಗದೆ ಹೋಗುತ್ತದೆ.

ಚಳಿ ಜೋರಾದಾಗ ಎಳೆ ಗರಿ ನೇರಳೆ ಬಣ್ಣಕ್ಕೆ ತಿರುಗುವುದುಂಟು. ಅದನ್ನು ನೋಡಿ ಇನ್ನಷ್ಟು ಡಿಎಪಿ ಸುರಿಯುವವರಿದ್ದಾರೆ. ರಂಜಕ ಮಣ್ಣಲ್ಲೇ ಇರುತ್ತದೆ, ತಣ್ಣಗಿನ ಬೇರು ಎಳೆದುಕೊಳ್ಳುತ್ತಿಲ್ಲ ಅಷ್ಟೇ. ಬಿಸಿಲು ಏರಿದರೆ ಸಾಮಾನ್ಯವಾಗಿ ತಾನೇ ಹಸಿರಾಗುತ್ತದೆ.

ಇನ್ನು ಕಳೆ. ಮೊದಲ 40 ದಿನ ಗೆದ್ದರೆ ಆಮೇಲೆ ಪೈರಿನ ನೆರಳೇ ಕಳೆಯನ್ನು ನೋಡಿಕೊಳ್ಳುತ್ತದೆ. ಬಿತ್ತಿದ 2–3 ದಿನದೊಳಗೆ ಅಟ್ರಾಜಿನ್ 50% ಎಂಬ ಕಳೆನಾಶಕ ಪುಡಿ ಸಿಂಪಡಿಸುತ್ತೇನೆ. ಹಗುರ ಮಣ್ಣಿಗೆ ಎಕರೆಗೆ 400 ಗ್ರಾಂ, ಕಪ್ಪು ಮಣ್ಣಿಗೆ 800 ಗ್ರಾಂವರೆಗೆ, 200 ಲೀಟರ್ ನೀರಿನಲ್ಲಿ. ಪುಡಿಯನ್ನು ಮೊದಲು ಬಕೆಟ್‌ನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ ಆಮೇಲೆ ಟ್ಯಾಂಕಿಗೆ ಸುರಿಯಬೇಕು. ಸುಮ್ನೆ ಬಿಟ್ಟರೆ ಅದು ತಳಕ್ಕೆ ಕೂರುತ್ತದೆ, ಟ್ಯಾಂಕನ್ನು ಆಗಾಗ ಅಲುಗಾಡಿಸುತ್ತಿರಬೇಕು. ನೆಲದಲ್ಲಿ ಹಸಿ ಇರಲೇಬೇಕು. ಸಿಂಪಡಿಸುವಾಗ ಹಿಂದಕ್ಕೆ ಹೆಜ್ಜೆ ಇಡುತ್ತಾ ಹೋಗುತ್ತೇನೆ, ಔಷಧಿ ಬಿದ್ದ ಮಣ್ಣನ್ನು ತುಳಿದು ಕದಡಬಾರದು ಅಲ್ವಾ. ಸಾಲಿನ ನಡುವೆ ಕಾಳು ಬೆಳೆ ಇದ್ದರೆ ಮಾತ್ರ ಅಟ್ರಾಜಿನ್ ಮುಟ್ಟಬೇಡಿ, ಅದೂ ಸಾಯುತ್ತದೆ.

ಇಷ್ಟಾದರೂ ಹುಲ್ಲು ಎದ್ದರೆ, ಅದು 2–4 ಎಲೆ ಇರುವಾಗಲೇ ಟೆಂಬೋಟ್ರಿಯಾನ್ 34.4% ಎಂಬ ಇನ್ನೊಂದು ಕಳೆನಾಶಕ ಎಕರೆಗೆ 115 ಮಿಲಿ, ಅದರ ಜೊತೆ ಬರುವ ಅಂಟು ದ್ರಾವಣದೊಂದಿಗೆ. ಬಲಿತ ಹುಲ್ಲಿಗೆ ಅದು ಅಷ್ಟಾಗಿ ನಾಟುವುದಿಲ್ಲ. ಜೇಕು ಗಡ್ಡೆಯಿಂದ ಮತ್ತೆ ಮತ್ತೆ ಚಿಗುರುತ್ತದೆ, ಅದರ ಜೊತೆ ಗುದ್ದಾಟ ಮುಗಿಯುವುದೇ ಇಲ್ಲ.

ಹೊಲ ಸ್ವಚ್ಛವಾದ ಮೇಲೆ ಯೂರಿಯಾ. ಉಳಿದ ಸಾರಜನಕಕ್ಕೆ ಎಕರೆಗೆ ಸುಮಾರು 105 ಕಿಲೋ ಬೇಕು. ಅದನ್ನು ಮೂರು ಪಾಲು ಮಾಡುತ್ತೇನೆ: ಮೊಣಕಾಲೆತ್ತರಕ್ಕೆ ಬಂದಾಗ ಒಂದು, ಸೊಂಟದೆತ್ತರಕ್ಕೆ ಬಂದಾಗ ಒಂದು, ಸೂಲಂಗಿ (ತುದಿಯ ಹೂಗೊಂಚಲು) ಬರುವ ಮುಂಚೆ ಕೊನೆಯದು. ಚಳಿಗಾಲದ ಬೆಳೆಗೆ ಅವಧಿ ಜಾಸ್ತಿ, ದಿನ ಎಣಿಸುವುದಕ್ಕಿಂತ ಪೈರಿನ ಎತ್ತರ ನೋಡುವುದೇ ವಾಸಿ. ಬೆಳಗ್ಗೆ ಇಬ್ಬನಿ ಆರುವವರೆಗೆ ಕೈ ಹಾಕುವುದಿಲ್ಲ. ಒದ್ದೆ ಗರಿಗೆ ಹರಳು ಅಂಟಿದರೆ, ಸುಳಿಯೊಳಗೆ ಬಿದ್ದರೆ ಅಲ್ಲೇ ಸುಟ್ಟು ಬಿಳಿ ಕಲೆ ಬೀಳುತ್ತದೆ. ಬುಡದಿಂದ ನಾಲ್ಕು ಬೆರಳು ದೂರ ಹಾಕಿ, ಸಾಲಿನ ನಡುವೆ ಎಡೆಕುಂಟೆ ಹೊಡೆದು ಬುಡಕ್ಕೆ ಮಣ್ಣು ಏರಿಸುತ್ತೇನೆ. ಅಳಿದುಳಿದ ಕಳೆಯೂ ಆಗಲೇ ಮಗುಚಿ ಬೀಳುತ್ತದೆ. ನೀರು ತೆಳುವಾಗಿ ಹರಿಸಿದರೆ ಸಾಕು, ಜಾಸ್ತಿಯಾದರೆ ಯೂರಿಯಾ ನೀರಿನ ಜೊತೆ ಇಳಿದುಹೋಗುತ್ತದೆ.

ಕಟಾವಿನ ನಂತರ ಅದೇ ಹೊಲಕ್ಕೆ ತರಕಾರಿ ಅಥವಾ ಕಾಳು ಹಾಕುವ ಯೋಚನೆ ಇದ್ದರೆ ಅಟ್ರಾಜಿನ್ ಪ್ರಮಾಣವನ್ನು ಕೆಳಗೇ ಇಟ್ಟು ಒಂದು ಸಲ ಜಾಸ್ತಿ ಎಡೆ ಹೊಡೆಯುತ್ತೇನೆ. ತಣ್ಣಗಿನ ಮಣ್ಣಲ್ಲಿ ಅಟ್ರಾಜಿನ್ ಬೇಗ ಶಕ್ತಿ ಕಳೆದುಕೊಳ್ಳುವುದಿಲ್ಲ, ಉಳಿದದ್ದು ಮುಂದಿನ ಬೆಳೆಗೂ ತಾಗಬಹುದು.