ಗುಜರಿಯ ಮೇಜು, ಮನೆಯಂಗಳದ ಪಾಲಿಶು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಗುಜರಿ ಅಂಗಡಿಯಲ್ಲಿ ಮೂರು ಕಾಲಲ್ಲಿ ನಿಂತಿದ್ದ ಬರವಣಿಗೆಯ ಮೇಜಿಗೆ ನಾನು ಕೊಟ್ಟದ್ದು 700 ರೂಪಾಯಿ. ನಾಲ್ಕನೆಯ ಕಾಲನ್ನು ಮೇಜಿನ ಮೇಲೆಯೇ ಕಟ್ಟಿಟ್ಟಿದ್ದರು. ಮೈತುಂಬ ಹಸಿರು ಪೈಂಟು. ಅಡಿಭಾಗವನ್ನು ಉಗುರಿನಿಂದ ಕೆರೆದಾಗ ಹಲಸಿನ ಮರವೆಂದು ಗೊತ್ತಾಯಿತು. ಕೊಯ್ದಾಗ ಅರಸಿನದಂತಿರುವ ಹಲಸು ವರ್ಷ ಕಳೆದಂತೆ ಜೇನಿನ ಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗುತ್ತದೆ. ಅಂಥ ಮರವನ್ನು ಪೈಂಟಿನಡಿ ಹೂತಿಡುವುದೆಂದರೆ ನನ್ನ ಮಟ್ಟಿಗೆ ಅನ್ಯಾಯ.

ಕೊಳ್ಳುವ ಮೊದಲು ಅಡಿಗೆ ಪೇಪರ್ ಹಾಸಿ ಮೇಜನ್ನು ಗುದ್ದಿ ನೋಡಿ. ಹಿಟ್ಟಿನಂಥ ಹೊಸ ಪುಡಿ ಉದುರಿದರೆ ಒಳಗೆ ಕುಟ್ಟೆಹುಳ ಜೀವಂತವಿದೆ, ಬಿಟ್ಟುಬಿಡಿ. ಬರೀ ಹಳೆಯ ತೂತುಗಳಾದರೆ ಹೆದರಬೇಕಿಲ್ಲ. ಪ್ಲೈವುಡ್ಡಿನ ಪದರ ಬಿಟ್ಟ ಮೇಜಿಗೆ ಮಾತ್ರ ಎಷ್ಟು ಅಗ್ಗವಾದರೂ ಕೈಹಾಕಬೇಡಿ.

ಹಳೆಯ ಪೈಂಟನ್ನು ಒಣ ಉಪ್ಪುಕಾಗದದಲ್ಲಿ ಉಜ್ಜಬಾರದು. ಮನೆಬಳಕೆಯ ಪೈಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಅದಕ್ಕೂ ಹಿಂದಿನ ಪೈಂಟಿನ ಧೂಳು ಮಕ್ಕಳಿರುವ ಮನೆಗೆ ಬೇಡ. ಗಾಳಿಯಾಡುವ ಅಂಗಳದಲ್ಲಿ, ಕೈಗವಸು ಹಾಕಿ, ಪೈಂಟ್ ರಿಮೂವರ್ ದಪ್ಪಗೆ ಬಳಿಯಿರಿ. ಕಾಲು ಗಂಟೆಯಲ್ಲಿ ಪೈಂಟು ಎಣ್ಣೆಗೆ ಬಿದ್ದ ಹಪ್ಪಳದಂತೆ ಮುದುರಿ ಏಳುತ್ತದೆ. ಆಗ ಪುಟ್ಟಿ ಹಚ್ಚುವ ಚಪ್ಪಟೆ ಪಟ್ಟಿಯಿಂದ ನಾರಿನ ಉದ್ದಕ್ಕೆ ಎಳೆಯಿರಿ. ಮೇಜಿಗಿರುವುದು ಪೈಂಟಲ್ಲ, ಪಾಲಿಶ್ ಎಂದಾದರೆ ಮರದ ಪಾಲಿಶಿಗೆ ಬಳಸುವ ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಒಂದು ಮೂಲೆ ತಿಕ್ಕಿ. ಅಂಟಂಟಾದರೆ ಅದು ಅರಗಿನ ಪಾಲಿಶ್. ಸ್ಪಿರಿಟ್ಟಿನಿಂದಲೇ ಒರೆಸಿ ತೆಗೆಯಬಹುದು, ರಿಮೂವರಿನ ಖರ್ಚೇ ಇಲ್ಲ.

ಅಲುಗಾಡುವ ಕಾಲಿಗೆ ಮೊಳೆ ಹೊಡೆಯುವ ಚಟ ನಮಗೆಲ್ಲ ಇದೆ. ಮೊಳೆ ಮರವನ್ನು ಸೀಳುತ್ತದೆ, ಹಿಡಿಯುವುದಿಲ್ಲ. ಕಾಲು ಮೇಜಿಗೆ ಸೇರುವ ಕೂಡನ್ನು ಮರದ ಸುತ್ತಿಗೆಯಿಂದ ಮೆಲ್ಲನೆ ಬಿಡಿಸಿ, ಹಳೆಯ ಅಂಟನ್ನು ಉಳಿಯಿಂದ ಪೂರ್ತಿ ಕೆರೆದು, ಹೊಸದಾಗಿ ಫೆವಿಕಾಲ್ ಹಚ್ಚಿ ಕೂರಿಸಿ. ಕ್ಲಾಂಪ್ ಕೊಳ್ಳಬೇಕಿಲ್ಲ. ತೆಂಗಿನ ನಾರಿನ ಹಗ್ಗವನ್ನು ಕಾಲುಗಳ ಸುತ್ತ ಎರಡು ಸುತ್ತು ಕಟ್ಟಿ, ನಡುವೆ ಕೋಲು ಸಿಕ್ಕಿಸಿ ತಿರುಚಿ. ಹಗ್ಗ ಬಿಗಿಯುತ್ತ ಬಂದಂತೆ ಕೂಡಿನ ಸಂದಿನಿಂದ ಅಂಟು ಮಣಿಮಣಿಯಾಗಿ ಹೊರಬರುತ್ತದೆ. ಅಷ್ಟು ಸಾಕು. ಹೊರಬಂದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಆಗಲೇ ಒರೆಸಿ, ಅದು ಉಳಿದ ಕಡೆ ಪಾಲಿಶ್ ಹಿಡಿಯುವುದಿಲ್ಲ. ಕೋಲನ್ನು ಕಟ್ಟಿಹಾಕಿ ಒಂದು ದಿನ ಮುಟ್ಟದಿರಿ.

ಇನ್ನು ಉಜ್ಜುವುದು. 80, 120, 180, 220 ನಂಬರಿನ ಉಪ್ಪುಕಾಗದ, ಒರಟಿನಿಂದ ನಯಕ್ಕೆ ಇದೇ ಕ್ರಮದಲ್ಲಿ, ಯಾವಾಗಲೂ ನಾರಿನ ಉದ್ದಕ್ಕೆ. ನಂಬರ್ ಹಾರಿಸಿದರೆ ಗೀರುಗಳು ಪಾಲಿಶ್ ಬಿದ್ದ ಮೇಲೆಯೇ ಕಣ್ಣಿಗೆ ಬೀಳುವುದು. ತಗ್ಗಿದ ಜಾಗಕ್ಕೆ ಒದ್ದೆ ಬಟ್ಟೆ ಹಾಕಿ ಇಸ್ತ್ರಿಪೆಟ್ಟಿಗೆ ಒತ್ತಿದರೆ ಆವಿಗೆ ನಾರು ಉಬ್ಬಿ ಮೇಲೆ ಬರುತ್ತದೆ. ನಾರು ತುಂಡಾಗಿದ್ದರೆ ಬರುವುದಿಲ್ಲ.

ನೂರು ಗ್ರಾಂ ಅರಗಿನ ಚಕ್ಕೆಯನ್ನು ಅರ್ಧ ಲೀಟರ್ ಸ್ಪಿರಿಟ್ಟಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿಕೊಳ್ಳಿ. ಹತ್ತಿರ ಒಲೆ, ಬೀಡಿ ಬೇಡ. ಹಳೆಯ ಮುಂಡಿನ ತುಂಡಿನಲ್ಲಿ ಹತ್ತಿ ಸುತ್ತಿ ಉಂಡೆ ಮಾಡಿ, ತೆಳ್ಳಗೆ, ನಿಲ್ಲಿಸದೆ ಎಳೆಯಿರಿ. ಒಂದು ಗಂಟೆ ಬಿಟ್ಟು ಇನ್ನೊಂದು ಕೈ. ಆರು ಕೈಯಾದರೆ ಚೆನ್ನ. ಬಿಸಿ ಚಾ ಲೋಟ ನೇರ ಇಟ್ಟರೆ ಬಿಳಿ ಉಂಗುರ ಮೂಡುತ್ತದೆ, ಇದು ಅರಗಿನ ದೋಷ. ಚಾ ಬಿಡಲಾಗದವರು ಮೇಲಿನ ಹಲಗೆಗೆ ಮಾತ್ರ ಅರಗಿನ ಬದಲು ಪಾಲಿಯುರಿಥೇನ್ ವಾರ್ನಿಶ್ ಹಾಕಿಕೊಳ್ಳಲಿ.

ನನ್ನ ಮೇಜು ಮೊದಲ ಸಲ ಕೆಟ್ಟದ್ದು ನಡು ಮಳೆಗಾಲದ ಆಟಿ ತಿಂಗಳಲ್ಲಿ. ಹೊರಗೆ ಮಳೆ ಜಡಿಯುತ್ತಿತ್ತು, ಚಾವಡಿಯಲ್ಲಿ ಕೂತು ಪಾಲಿಶ್ ಎಳೆದೆ. ಬೆಳಗ್ಗೆ ನೋಡಿದರೆ ಮೇಜಿಗೆ ಹಾಲು ಒರೆಸಿದಂತೆ ಮಂಜು. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಎಲ್ಲ ತೆಗೆದು ಜನವರಿಯಲ್ಲಿ ಮತ್ತೆ ಮಾಡಿದೆ. ಈ ಊರಲ್ಲಿ ಪಾಲಿಶ್ ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚ್. ಆಗಲೂ ನೆರಳಲ್ಲೇ, ಸುಡುಬಿಸಿಲಿಗಿಟ್ಟರೆ ಹಲಗೆ ಬಾಗುತ್ತದೆ.

ಮಳೆಗಾಲದಲ್ಲಿ ಖಾನೆ ಬಿಗಿಯಾಗಿ ಎಳೆಯಲು ಬಾರದಿದ್ದರೆ ಕೀಸುಳಿ ಹುಡುಕಬೇಡಿ. ಅಂಚಿಗೆ ಮೇಣದಬತ್ತಿ ತಿಕ್ಕಿ ಸುಧಾರಿಸಿಕೊಳ್ಳಿ. ಚಳಿಗಾಲಕ್ಕೆ ಮರ ತಾನೇ ಕುಗ್ಗುತ್ತದೆ. ಈಗ ಕೀಸಿದರೆ ಆಗ ಖಾನೆ ಗಡಗಡ ಅನ್ನುತ್ತದೆ.