ಕಾಳ್ಗಿಚ್ಚಿನ ಮೇಲೆ ಹಾರುತ್ತ ಮಡಿದ ಪೈಲಟ್‌ಗೆ ನುಡಿನಮನ ಸಿದ್ಧಪಡಿಸುವ ಬಗೆ

ಕಾಳ್ಗಿಚ್ಚನ್ನು ತಡೆಯಲು ಹಾರಿ ಹಿಂದಿರುಗದ ಪೈಲಟ್ ಒಬ್ಬರಿಗೆ ನುಡಿನಮನ ಬರೆಯಲು ಕುಳಿತಾಗ ‘ವೀರ’, ‘ಹುತಾತ್ಮ’ ಎಂಬ ಮಾತುಗಳೇ ಮೊದಲು ಲೇಖನಿಗೆ ಬರುತ್ತವೆ. ಅವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಆ ದಿನ ಅವರು ಯಾವ ವಿಮಾನದಲ್ಲಿ, ಯಾರೊಡನೆ, ಯಾವ ಬೆಂಕಿಯ ಕಡೆಗೆ ಹೊರಟಿದ್ದರು ಎಂಬುದನ್ನು ಬರೆದುಕೊಳ್ಳಿ. ಅವರ ಕೆಲಸ ಎಂಥದೆಂದು ತಿಳಿಯದ ಕೇಳುಗರಿಗೆ ನಾವು ಕಳೆದುಕೊಂಡದ್ದು ಏನೆಂಬುದೂ ತಿಳಿಯುವುದಿಲ್ಲ.

2020ರ ಜನವರಿ 23ರಂದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ನಡೆದದ್ದನ್ನೇ ಉದಾಹರಣೆಯಾಗಿ ನೋಡೋಣ. ‘ಬಾಂಬರ್ 134’ ಎಂಬ ಕರೆಹೆಸರಿನ ಸಿ-130 ಹರ್ಕ್ಯುಲಸ್ ವಿಮಾನವು ರಿಚ್ಮಂಡ್ ವಾಯುನೆಲೆಯಿಂದ ಅಡಾಮಿನಬಿಯ ಬೆಂಕಿಗೆ ಹೊರಟಿತು. ಅಲ್ಲಿನ ಗಾಳಿ ಮತ್ತು ಹೊಗೆಯಲ್ಲಿ ಕೆಲಸ ಸಾಧ್ಯವಾಗದೆ ಪೀಕ್ ವ್ಯೂ ಬಳಿಯ ಇನ್ನೊಂದು ಬೆಂಕಿಗೆ ತಿರುಗಿ, ತಾನು ಹೊತ್ತಿದ್ದ ಬೆಂಕಿ ತಡೆಯುವ ದ್ರಾವಣದ ಒಂದು ಭಾಗವನ್ನು ಸುರಿದು, ಎಡಕ್ಕೆ ಹೊರಳಿ ಮೇಲೇರುತ್ತಿದ್ದಾಗ ನೆಲಕ್ಕಪ್ಪಳಿಸಿತು. ಕ್ಯಾಪ್ಟನ್ ಇಯಾನ್ ಮೆಕ್‌ಬೆತ್, ಫಸ್ಟ್ ಆಫೀಸರ್ ಪಾಲ್ ಹಡ್ಸನ್ ಮತ್ತು ಫ್ಲೈಟ್ ಎಂಜಿನಿಯರ್ ರಿಕ್ ಡಿಮಾರ್ಗನ್ ಜೂನಿಯರ್ ತೀರಿಕೊಂಡರು. ಮೂವರೂ ಅಮೆರಿಕದವರು, ಪರದೇಶದ ಊರುಗಳನ್ನು ಉಳಿಸಲು ಬಂದಿದ್ದವರು. ನುಡಿನಮನ ಕ್ಯಾಪ್ಟನ್ನರ ಹೆಸರಿನಲ್ಲೇ ಇದ್ದರೂ ಉಳಿದಿಬ್ಬರ ಹೆಸರನ್ನೂ ಹುದ್ದೆಯೊಂದಿಗೆ ಹೇಳಲೇಬೇಕು. ಹಾರಾಟದ ವೇಳೆ ವಿಮಾನದ ಯಂತ್ರಗಳ ಮೇಲೆ ಕಣ್ಣಿಡುವ ಫ್ಲೈಟ್ ಎಂಜಿನಿಯರ್ ಎಂಬ ಹುದ್ದೆಯೊಂದಿದೆ ಎಂಬುದೇ ಅನೇಕರಿಗೆ ಗೊತ್ತಿರುವುದಿಲ್ಲವಾದ್ದರಿಂದ ಆ ಹೆಸರೇ ಹೆಚ್ಚಾಗಿ ಬಿಟ್ಟುಹೋಗುತ್ತದೆ.

ಕೆಲಸವನ್ನು ವಿವರಿಸಲು ಧಾರಾಳವಾಗಿ ಜಾಗ ಕೊಡಿ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಬೆಂಕಿಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಕೆಟ್ ತೂಗುಬಿಟ್ಟು ನೀರು ಸುರಿದದ್ದು ನಮ್ಮವರಿಗೆ ನೆನಪಿರುತ್ತದೆ. ದೊಡ್ಡ ಟ್ಯಾಂಕರ್ ವಿಮಾನದ ಕೆಲಸದ ರೀತಿ ಬೇರೆ. ಅದು ರಸಗೊಬ್ಬರದಲ್ಲಿರುವಂಥದೇ ಲವಣಗಳ ದ್ರಾವಣವನ್ನು ಉರಿಯುವ ಜಾಗಕ್ಕಿಂತ ಮುಂದೆ, ಇನ್ನೂ ಹೊತ್ತಿಕೊಳ್ಳದ ಗಿಡಗಂಟಿಗಳ ಮೇಲೆ ಪಟ್ಟಿಯಂತೆ ಹಾಸಿ ಬೆಂಕಿಯ ವೇಗವನ್ನು ತಗ್ಗಿಸುತ್ತದೆ. ಎಲ್ಲಿಯವರೆಗೆ ಹಾಸಿದ್ದಾಗಿದೆ ಎಂಬುದು ಮುಂದೆ ಬರುವ ಪೈಲಟ್‌ಗೆ ಕಾಣಲೆಂದೇ ಅದಕ್ಕೆ ಕೆಂಪು ಬಣ್ಣ ಬೆರೆಸುತ್ತಾರೆ. ಸುರಿಯುವಾಗ ವಿಮಾನ ನೆಲದಿಂದ ಸುಮಾರು 200 ಅಡಿ ಎತ್ತರದಲ್ಲಿ, ನಿಧಾನ ವೇಗದಲ್ಲಿ, ಗುಡ್ಡಗಳ ನಡುವೆ ಹಾರುತ್ತಿರುತ್ತದೆ. ಗಾಳಿ ಒಮ್ಮೆ ದಿಕ್ಕು ಬದಲಿಸಿದರೆ ಸಾವರಿಸಿಕೊಳ್ಳಲು ಬೇಕಾದಷ್ಟು ಎತ್ತರವೂ ಇರುವುದಿಲ್ಲ. ಇಷ್ಟನ್ನು ಸರಳವಾಗಿ ಹೇಳಿದರೆ ಅವರ ಧೈರ್ಯವನ್ನು ಬೇರೆಯಾಗಿ ಹೊಗಳಬೇಕಾಗಿಲ್ಲ.

ಅಪಘಾತದ ಕಾರಣವನ್ನು ತನಿಖಾ ವರದಿ ಬರುವವರೆಗೆ ಬರೆಯಬೇಡಿ. ಬಾಂಬರ್ 134ರ ಬಗ್ಗೆ ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಬ್ಯೂರೋದ ಅಂತಿಮ ವರದಿ ಹೊರಬಂದದ್ದು 2022ರ ಆಗಸ್ಟ್‌ನಲ್ಲಿ. ಅಪಾಯಕಾರಿ ಗಾಳಿಯ ಹೊಡೆತಕ್ಕೆ ಸಿಕ್ಕಿ ವಿಮಾನ ಸ್ತಂಭಿಸಿರುವ, ಅಂದರೆ ಅದನ್ನು ಮೇಲೆತ್ತಿ ಹಿಡಿಯುವ ರೆಕ್ಕೆಗಳ ಬಲ ಕುಸಿದಿರುವ, ಸಂಭವವೇ ಹೆಚ್ಚು ಎಂದು ಅದು ಹೇಳಿತು. ಪ್ರತಿಕೂಲ ಹವಾಮಾನದಿಂದಾಗಿ ಒಬ್ಬ ಪೈಲಟ್ ಕೆಲಸವನ್ನು ನಿರಾಕರಿಸಿದರೆ ಆ ಸುದ್ದಿಯನ್ನು ಅದೇ ಪ್ರದೇಶದ ಇತರ ಪೈಲಟ್‌ಗಳಿಗೆ ತಲುಪಿಸುವ ನಿಯಮವೇ ಇರಲಿಲ್ಲ ಎಂಬುದನ್ನೂ ಅದು ದಾಖಲಿಸಿತು. ಇಂಥ ಅಂಶಗಳನ್ನು ನುಡಿನಮನದಲ್ಲಿ ಸೇರಿಸುವುದು ಕಹಿಯೆನಿಸಬಹುದು; ಆದರೆ ಮುಂದಿನ ಪೈಲಟ್‌ನ ಜೀವಕ್ಕೆ ಸಂಬಂಧಿಸಿದ ಮಾತನ್ನು ಗೌರವದ ನೆಪದಲ್ಲಿ ಬಿಡಬಾರದೆಂದೇ ನನ್ನ ದೃಢವಾದ ಅಭಿಪ್ರಾಯ. ತಪ್ಪು ಯಾರದೆಂಬ ತೀರ್ಪನ್ನು ಮಾತ್ರ ನಾವು ಕೊಡಬೇಕಾಗಿಲ್ಲ.

ಅಪಘಾತದ ದೃಶ್ಯಾವಳಿಯನ್ನು ಸಭೆಯಲ್ಲಿ ಎಂದಿಗೂ ತೋರಿಸಬೇಡಿ. 2002ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ವಾಕರ್ ಬಳಿ ರೆಕ್ಕೆಗಳು ಕಳಚಿ ಬಿದ್ದ ಟ್ಯಾಂಕರ್‌ನ ಚಿತ್ರವೂ, 2023ರ ಜುಲೈನಲ್ಲಿ ಗ್ರೀಸ್‌ನ ಎವಿಯಾ ದ್ವೀಪದಲ್ಲಿ ಬಿದ್ದ, ಬೆಂಕಿಗೆ ನೀರು ಸುರಿಯುವ ಕೆನಡೇರ್ ವಿಮಾನದ ಚಿತ್ರವೂ ಲೋಕದೆಲ್ಲೆಡೆ ಹರಿದಾಡಿದವು. ಮನೆಯವರು ಅದನ್ನು ಎಷ್ಟೋ ಸಲ ಬೇಡದೆಯೂ ನೋಡಿರುತ್ತಾರೆ. ಅದರ ಬದಲು ಮಡಿದ ಪೈಲಟ್ ವಿಮಾನದ ಪಕ್ಕದಲ್ಲಿ ನಿಂತಿರುವ ಒಂದು ಭಾವಚಿತ್ರವನ್ನು ಕುಟುಂಬದ ಒಪ್ಪಿಗೆ ಪಡೆದು ಇಡಿ. ಮಕ್ಕಳ ಹೆಸರು, ಮನೆಯ ವಿಳಾಸದಂಥ ವಿವರಗಳು ಬೇಡ.

ಮೌನಾಚರಣೆಯನ್ನು ಅಪಘಾತದ ಗಳಿಗೆಗೇ ಇಟ್ಟುಕೊಳ್ಳಬಹುದು. ಬಾಂಬರ್ 134 ಬಿದ್ದದ್ದು ಅಲ್ಲಿನ ಮಧ್ಯಾಹ್ನ ಸುಮಾರು 1:15ಕ್ಕೆ, ಅಂದರೆ ಬೆಂಗಳೂರಿನ ಬೆಳಿಗ್ಗೆ 7:45ಕ್ಕೆ. ಮೊದಲು ಮೂರು ಹೆಸರುಗಳನ್ನೂ ಸರಿಯಾದ ಉಚ್ಚಾರಣೆಯಲ್ಲಿ ನಿಧಾನವಾಗಿ ಓದಿ, ಆಮೇಲೆ ಎಲ್ಲರೂ ಎದ್ದು ನಿಲ್ಲಲಿ.