ಬಲಗಿವಿ ಒಮ್ಮೆಗೇ ಮುಚ್ಚಿಕೊಂಡಾಗ ನಾನು ಕಳೆದುಕೊಂಡ ಮೂರು ದಿನ

ನಾನು ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಟೊಮೆಟೊ ಮಂಡಿಯೊಂದರ ರೈಟರ್. ಹರಾಜು ಕೂಗುವವರ ಪಕ್ಕ ನಿಂತು ಯಾರ ಮಾಲು, ಎಷ್ಟು ಬಾಕ್ಸು, ಎಷ್ಟಕ್ಕೆ ಬಿತ್ತು ಅಂತ ಬರೆದುಕೊಳ್ಳುವ ಕೆಲಸ. 15 ಕೆಜಿ ಬಾಕ್ಸಿಗೆ ಐದು ರೂಪಾಯಿ ತಪ್ಪು ಬರೆದರೂ ಇನ್ನೂರು ಬಾಕ್ಸ್ ತಂದ ರೈತನಿಗೆ ಸಾವಿರ ರೂಪಾಯಿ ಹೋಗುತ್ತದೆ. ಕಿವಿ ಸರಿಯಿದ್ದರೇ ಈ ಕೆಲಸ.

ಹೋದ ಜುಲೈ, ಸೀಸನ್ ಜೋರಾಗಿತ್ತು. ಬೆಳಿಗ್ಗೆ ಐದೂವರೆಗೆ ಮುಳಬಾಗಿಲು ಕಡೆಯ ರೈತರೊಬ್ಬರ ಫೋನ್ ಬಂತು. ಬಲಗಿವಿಗೆ ಇಟ್ಟೆ, ಏನೂ ಇಲ್ಲ. ಸಿಗ್ನಲ್ ಇಲ್ಲ ಅಂತ ಕಟ್ ಮಾಡಿದೆ. ಮತ್ತೆ ಬಂತು, ಈ ಸಲ ಎಡಗಿವಿಗೆ ಇಟ್ಟೆ ನೋಡಿ, "ಗಾಡಿ ಗೇಟಲ್ಲೇ ನಿಂತಿದೆ ಕಣಪ್ಪ" ಅಂತ ಅವರು ಕೂಗುತ್ತಿದ್ದಾರೆ. ಬಲಕ್ಕೆ ತಂದರೆ ಮಾತಿಲ್ಲ, ಎಡಕ್ಕೆ ತಂದರೆ ಮಾತು. ನಾಲ್ಕೈದು ಸಲ ಹಾಗೇ ಬದಲಿಸಿ ನೋಡಿದೆ. ನೋವಿಲ್ಲ, ಸೋರುತ್ತಿಲ್ಲ, ನೆಗಡಿಯೂ ಇಲ್ಲ. ಹತ್ತಿ ತುರುಕಿದ ಹಾಗೆ, ಜೊತೆಗೆ ದೂರದಲ್ಲಿ ಪಂಪ್‌ಸೆಟ್ ಓಡುತ್ತಿರುವ ಹಾಗೆ ಗುಂಯ್ ಅಂತ ಒಂದು ಸದ್ದು.

ಗುಗ್ಗೆ ಕಟ್ಟಿರಬೇಕು ಅಂದುಕೊಂಡೆ. ಅತ್ತಿಗೆ ಬೆಳ್ಳುಳ್ಳಿ ಹಾಕಿ ಎಣ್ಣೆ ಬೆಚ್ಚಗೆ ಮಾಡಿ ಬಿಟ್ಟರು. ಪ್ರೀತಿಯಿಂದಲೇ ಮಾಡಿದ್ದು, ಅವರನ್ನು ಏನೂ ಅನ್ನುವುದಿಲ್ಲ. ಮಾರನೇ ದಿನ ಮೆಡಿಕಲ್ ಶಾಪಿನಲ್ಲಿ ಡ್ರಾಪ್ಸ್ ತಂದೆ. ಮೂರನೇ ದಿನ ನಡೆದರೆ ತಲೆ ಸ್ವಲ್ಪ ತೇಲಿದಂತೆ ಆಗತೊಡಗಿತು, ಹರಾಜಿನಲ್ಲಿ ಒಂದು ರೇಟು ತಪ್ಪು ಬರೆದೆ, ರೈತ ನೋಡಿ ತಿದ್ದಿಸಿದರು. ನಾಲ್ಕನೇ ದಿನ ಇಎನ್‌ಟಿ ಡಾಕ್ಟರ ಹತ್ತಿರ ಹೋದೆ.

ಅವರು ಕಿವಿಯೊಳಗೆ ಲೈಟ್ ಬಿಟ್ಟು ನೋಡಿದರು. ಗುಗ್ಗೆ ಇರಲಿಲ್ಲ, ಕಿವಿಯ ತಮಟೆ ಚೆನ್ನಾಗಿತ್ತು. ಆಮೇಲೆ ಟ್ಯೂನಿಂಗ್ ಫೋರ್ಕ್, ಅಂದರೆ ತಟ್ಟಿದರೆ ಗುಂಯ್‌ಗುಡುವ ಲೋಹದ ಕವಲು, ತಟ್ಟಿ ಹಣೆಯ ಮಧ್ಯೆ ಇಟ್ಟು "ಯಾವ ಕಡೆ ಕೇಳಿಸುತ್ತೆ?" ಅಂದರು. ಎಡಕ್ಕೆ ಅಂದೆ. ಅವರ ಮುಖ ಗಂಭೀರವಾಯಿತು. ಗುಗ್ಗೆ ಅಥವಾ ನೀರು ಅಡ್ಡ ಇದ್ದರೆ ಈ ಸದ್ದು ಮುಚ್ಚಿದ ಕಿವಿಯಲ್ಲೇ ಜಾಸ್ತಿ ಕೇಳಿಸುತ್ತದಂತೆ. ಒಳಗಿವಿ ಅಥವಾ ನರಕ್ಕೆ ಪೆಟ್ಟಾಗಿದ್ದರೆ ಚೆನ್ನಾಗಿರುವ ಕಿವಿಗೆ ಹೋಗುತ್ತದೆ. ಬಾಯಿ ಮುಚ್ಚಿ "ಮ್ಮ್" ಅಂತ ಗುನುಗಿದರೂ ಹೀಗೇ ಅಂದಾಜು ಸಿಗುತ್ತದೆ. ಅಂದಾಜು ಅಷ್ಟೇ, ಅದನ್ನು ನಂಬಿ ಮನೆಯಲ್ಲಿ ಕೂರಬೇಡಿ.

ಸದ್ದು ಬಾರದ ರೂಮಿನಲ್ಲಿ ಕೂರಿಸಿ ಆಡಿಯೋಗ್ರಾಂ ಮಾಡಿದರು, ಅಂದರೆ ಕಿವಿಗೆ ಕೇಳಿಸುವ ಅತಿ ಸಣ್ಣ ಸದ್ದು ಎಷ್ಟು ಅಂತ ಅಳೆಯುವುದು. 25 ಡೆಸಿಬಲ್ ಒಳಗಿದ್ದರೆ ಸರಿ, ನನ್ನ ಬಲಗಿವಿ 65ರಲ್ಲಿತ್ತು. ಹೀಗೆ ಮೂರು ದಿನದೊಳಗೆ ಒಂದು ಕಿವಿ ಒಮ್ಮೆಗೇ ಕೆಡುವುದನ್ನು ತುರ್ತು ಅಂತಲೇ ನೋಡುತ್ತಾರೆ. ಹೆಚ್ಚಿನವರಲ್ಲಿ ಕಾರಣವೇ ಗೊತ್ತಾಗುವುದಿಲ್ಲ. ಸ್ಟಿರಾಯ್ಡ್ ಮಾತ್ರೆ ಶುರು ಮಾಡಿದರು, ಮೊದಲು ಶುಗರ್ ಮತ್ತು ಬಿಪಿ ನೋಡಿಯೇ, ಯಾಕೆಂದರೆ ಈ ಮಾತ್ರೆಗೆ ಶುಗರ್ ಏರುತ್ತದೆ. ಸುಮ್ನೆ ಯಾರದೋ ಚೀಟಿ ನೋಡಿ ನುಂಗುವ ಮಾತ್ರೆ ಇದಲ್ಲ. ನರದ ಮೇಲೆ ಗಡ್ಡೆ ಇಲ್ಲ ಅಂತ ಖಚಿತ ಮಾಡಿಕೊಳ್ಳಲು ಎಂಆರ್‌ಐ ಕೂಡ ಆಯಿತು, ಅದರಲ್ಲಿ ಏನೂ ಇರಲಿಲ್ಲ.

"ಎಷ್ಟು ದಿನಕ್ಕೆ ಬರುತ್ತೆ ಸಾರ್?" ಅಂತ ಕೇಳಿದೆ. ಸುಮಾರು ಅರ್ಧ ಜನಕ್ಕೆ ತಾನಾಗಿಯೇ ಒಂದಿಷ್ಟು ವಾಪಸ್ ಬರುತ್ತದೆ, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ. ಆದರೆ ನಾವು ಆ ಅರ್ಧದಲ್ಲಿ ಇದ್ದೇವೋ ಇಲ್ಲವೋ ಅಂತ ಮೊದಲೇ ಯಾರೂ ಹೇಳಲಾರರು, ಔಷಧಿ ನಾಟುವುದೂ ಅದೇ ಎರಡು ವಾರದೊಳಗೆ ಶುರು ಮಾಡಿದರೆ ಜಾಸ್ತಿ. ಅದನ್ನು ಕೇಳಿದ ಮೇಲೆ ಆ ಮೂರು ದಿನ ನನ್ನನ್ನು ತುಂಬಾ ಕಾಡಿತು.

ದಿನಾ ಬೆಳಿಗ್ಗೆ ಬಾಲ್ ಪೆನ್ನನ್ನು ಬಲಗಿವಿಯ ಹತ್ತಿರ ಹಿಡಿದು ಟಿಕ್ ಅನ್ನಿಸುತ್ತಿದ್ದೆ. ಐದನೇ ದಿನ ಕುಕ್ಕರಿನ ಸೀಟಿ ಒಡೆದ ಸ್ಪೀಕರಿನಲ್ಲಿ ಬಂದ ಹಾಗೆ ಕೇಳಿಸಿತು. ಒಂಬತ್ತನೇ ದಿನ ಪೆನ್ನಿನ ಟಿಕ್ ಕೇಳಿಸಿತು, ಹಾಸಿಗೆಯ ಮೇಲೆ ಕೂತು ಅತ್ತುಬಿಟ್ಟೆ. ಆಡಿಯೋಗ್ರಾಂನಲ್ಲಿ ಎರಡು ವಾರಕ್ಕೆ 40 ಡೆಸಿಬಲ್, ಮೂರು ತಿಂಗಳಿಗೆ 35. ಅಲ್ಲಿಗೆ ನಿಂತಿದೆ. ರಾತ್ರಿ ಗುಂಯ್ ಸದ್ದು ಇನ್ನೂ ಇದೆ.

ಎಲ್ಲ ಕಿವುಡೂ ಹೀಗಿರುವುದಿಲ್ಲ, ಹೆದರಬೇಡಿ. ಗುಗ್ಗೆಯಾದರೆ ತೆಗೆದ ಕ್ಷಣವೇ ಸರಿ. ಗಣೇಶನ ಮೆರವಣಿಗೆಯಲ್ಲಿ ಡಿಜೆ ಪಕ್ಕ ನಿಂತು ಬಂದು ಕಿವಿ ಮಂದವಾದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಿಳಿಯಾಗುತ್ತದೆ, ಅದಕ್ಕೂ ಮೀರಿದರೆ ತೋರಿಸಿ. ನೆಗಡಿಯಿಂದ ಕಟ್ಟಿದ್ದು ಒಂದೆರಡು ವಾರ ತೆಗೆದುಕೊಳ್ಳಬಹುದು. ಮಕ್ಕಳಲ್ಲಿ ತಮಟೆಯ ಹಿಂದೆ ನೀರು ನಿಂತರೆ ಮೂರು ತಿಂಗಳವರೆಗೂ ಇರಬಹುದು, ಅದನ್ನು ಡಾಕ್ಟರ್ ನೋಡುತ್ತಾ ಇರಬೇಕು. ಆದರೆ ಗೊತ್ತಿರುವ ಕಾರಣವಿಲ್ಲದೆ ಒಂದೇ ಕಿವಿ ಒಮ್ಮೆಗೇ ಹೋಯಿತಾ, ಅದೇ ದಿನ ಹೋಗಿ. ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಕೈಕಾಲು ಸೋಲುವುದು, ಎರಡೆರಡು ಕಾಣುವುದು, ತಲೆಗೆ ಪೆಟ್ಟು ಬಿದ್ದು ಕೇಳಿಸದಿರುವುದು, ಇವುಗಳಲ್ಲಿ ಒಂದು ಇದ್ದರೂ 108ಕ್ಕೆ ಫೋನ್ ಮಾಡಿ.

ಹೋದ ತಿಂಗಳು ನಮ್ಮ ಮಂಡಿಯ ಹಮಾಲಿ ಹುಡುಗನೊಬ್ಬ ಬಂದು "ಅಣ್ಣ, ಎಡಗಿವಿ ಬಂದ್ ಆಗಿದೆ, ಮನೆಯಲ್ಲಿ ಎಣ್ಣೆ ಬಿಡ್ತೀನಿ ಅಂತಿದ್ದಾರೆ" ಅಂದ. ಗುನುಗಿಸಿದೆ, ಎಡಗಡೆಯೇ ಜೋರು ಅಂದ. ಆದರೂ ಲೋಡ್ ಅರ್ಧಕ್ಕೆ ಬಿಡಿಸಿ ಬೈಕಿನಲ್ಲಿ ಕೂರಿಸಿಕೊಂಡು ಜಿಲ್ಲಾ ಆಸ್ಪತ್ರೆಗೆ ಹೋದೆ. ಗುಗ್ಗೆಯೇ ಆಗಿತ್ತು. ವಾಪಸ್ ಬರುವಾಗ ಬಸ್ ಹಾರನ್ ಕೇಳಿ "ಅಯ್ಯೋ, ಇಷ್ಟು ಜೋರಾ!" ಅಂತ ನನ್ನ ಭುಜ ಹಿಡಿದುಕೊಂಡ.